ಇಪ್ಪತ್ತಮೂರನೆಯ ಸಲ ಅದೇ ಬೆಟ್ಟ

1865ರ ಆಗಸ್ಟ್ ತಿಂಗಳ ಒಂದು ಬೆಳಗಿನ ಜಾವ. ಗಂಟೆ ನಾಲ್ಕು. ದಕ್ಷಿಣ ಫ್ರಾನ್ಸಿನ ಬೆಡ್ವಾನ್ ಎಂಬ ಹಳ್ಳಿಯಿಂದ ಎಂಟು ಮಂದಿ ಗೆಳೆಯರು ಮೌಂಟ್ ವೆಂಟೂ ಬೆಟ್ಟ ಹತ್ತಲು ಹೊರಟರು. ಮುಂದೆ ದಾರಿ ತೋರಿಸುವ ತ್ರಿಬೂಲೆ, ಅವನ ಜೊತೆ ಬುತ್ತಿ ಹೊತ್ತ ಪ್ರಾಣಿಗಳು. ಎಂಟು ಜನರಲ್ಲಿ ಮೂವರಿಗೆ ಗಿಡಗಳ ಹುಚ್ಚು. ಉಳಿದ ಐವರಿಗೆ ತುದಿಯಿಂದ ಕಾಣುವ ನೋಟದ ಆಸೆ. ಇವರನ್ನೆಲ್ಲ ಕರೆತಂದವರು ಅವಿನ್ಯೋನ್ ಪಟ್ಟಣದ ಒಬ್ಬ ಶಾಲಾ ಮೇಷ್ಟ್ರು. ವಯಸ್ಸು 41. ಅವರಿಗೆ ಇದು ಇಪ್ಪತ್ತಮೂರನೆಯ ಸಲ!

ಹೋದ ಬೆಟ್ಟಕ್ಕೇ ಮತ್ತೆ ಮತ್ತೆ ಹೋಗುವುದರಲ್ಲಿ ಏನು ಸುಖ ಎಂದು ಮನೆಯವರು ಕೇಳಿದ್ದರೆ ಅದರಲ್ಲಿ ತಪ್ಪೇನಿಲ್ಲ. ಪ್ರವಾಸವೆಂದರೆ ನೋಡದ ಊರನ್ನು ನೋಡುವುದು ಎಂದೇ ಎಲ್ಲರ ತಿಳುವಳಿಕೆ. ಈಗಲೂ ಆ ಸೀಮೆಗೆ ಬೇಸಿಗೆಯಲ್ಲಿ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಗೋರ್ಡ್, ರೂಸಿಯೋನ್, ಬೊನ್ಯೂ ಎಂದು ಒಂದೇ ದಿನದಲ್ಲಿ ನಾಲ್ಕು ಗುಡ್ಡದ ಊರು ಮುಗಿಸಿ, ಪ್ರತಿಯೊಂದರ ಮುಂದೆಯೂ ಒಂದು ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತವೆ. ಊರುಗಳು ಚೆನ್ನಾಗಿಯೇ ಇವೆ. ಗುಡ್ಡದ ನೆತ್ತಿಗೆ ಅಂಟಿಕೊಂಡ ಕಲ್ಲಿನ ಮನೆಗಳು, ಒಂದರ ತಲೆಯ ಮೇಲೆ ಇನ್ನೊಂದು ಕೂತಂತೆ. ಎಲ್ಲಕ್ಕೂ ಮೇಲೆ ಒಂದು ಚರ್ಚು, ಇಲ್ಲವೇ ಮುರುಕು ಕೋಟೆ. ಆದರೆ ಬಯಲಿನಲ್ಲಿ ಅಷ್ಟೊಂದು ಒಳ್ಳೆಯ ಜಾಗ ಬಿಟ್ಟು ಅಷ್ಟು ಮೇಲೆ ಯಾರಾದರೂ ಯಾಕೆ ಮನೆ ಕಟ್ಟಿದರು? ಮೊದಲ ಸಲ ಬಂದವನಿಗೆ ಈ ಪ್ರಶ್ನೆ ಏಳುವಷ್ಟರಲ್ಲಿ ಬಸ್ಸಿನ ಹಾರ್ನ್ ಆಗಿರುತ್ತದೆ.

ಕಾರಣ ತಿಳಿಯಬೇಕಾದರೆ ವೇಸೋನ್ ಎಂಬ ಊರಿಗೆ ಹೋಗಬೇಕು. ಅಲ್ಲಿ ಊವೇಜ್ ನದಿಯ ಒಂದು ದಡದ ಸಮತಟ್ಟು ನೆಲದಲ್ಲಿ ರೋಮನ್ನರ ಕಾಲದ ಪಟ್ಟಣದ ಬೀದಿ, ಸ್ನಾನದ ಮನೆ, ಬಯಲು ರಂಗಮಂದಿರಗಳ ಅವಶೇಷಗಳಿವೆ. ಎದುರು ದಡದ ಬಂಡೆಯ ಮೇಲೆ ಮಧ್ಯಯುಗದ ಊರಿದೆ. ರೋಮನ್ನರ ಆಳ್ವಿಕೆ ಗಟ್ಟಿಯಾಗಿದ್ದಾಗ ಜನ ಕೆಳಗಿದ್ದರು. ಆ ಆಸರೆ ಹೋಗಿ ಕೊಳ್ಳೆ, ಕದನಗಳ ಭಯ ಬಂದಾಗ ಬಂಡೆ ಹತ್ತಿದರು. ಮತ್ತೆ ಕಾಲ ಶಾಂತವಾದ ಮೇಲೆ ಒಬ್ಬೊಬ್ಬರಾಗಿ ಕೆಳಗಿಳಿದು ಹಳೆಯ ಪಟ್ಟಣದ ಪಕ್ಕದಲ್ಲೇ ಹೊಸ ಊರು ಕಟ್ಟಿದರು. ಎರಡು ದಡಗಳನ್ನು ಸೇರಿಸುವ ರೋಮನ್ ಸೇತುವೆ ಒಂದೇ ಕಮಾನಿನದು. 1992ರ ಸೆಪ್ಟೆಂಬರ್ 22ರಂದು ಬಂದ ಭಾರಿ ನೆರೆಯಲ್ಲಿ ನೀರು ಆ ಸೇತುವೆಯ ಮೇಲೆಯೇ ಹರಿಯಿತು. ಹತ್ತಾರು ಜನ ಸತ್ತರು, ಹೊಸಕಾಲದ ಕಟ್ಟಡಗಳು ಕೊಚ್ಚಿಹೋದವು. ಸುಮಾರು ಎರಡು ಸಾವಿರ ವರ್ಷದ ಸೇತುವೆ ಮಾತ್ರ ನಿಂತಿತು. ಎತ್ತರದಲ್ಲಿ ಮನೆ ಕಟ್ಟಿದವರಿಗೆ ಶತ್ರುವಿನ ಭಯದ ಜೊತೆ ನದಿಯ ಭಯವೂ ಇದ್ದೀತು. ಅದಲ್ಲದೆ, ಉಳುವ ನೆಲ ಕಡಿಮೆಯಿರುವ ಕಡೆ ಒಳ್ಳೆಯ ಮಣ್ಣಿನ ಮೇಲೆ ಮನೆ ಕಟ್ಟುವ ರೈತ ಯಾರು?

ಗುಡ್ಡದ ಮೇಲಿನ ಬದುಕಿಗೆ ಒಂದೇ ಕೊರತೆ: ನೀರು. ಆ ಸೀಮೆಯೆಲ್ಲ ಹೆಚ್ಚಾಗಿ ಸುಣ್ಣಕಲ್ಲು. ಮಳೆನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಸುಣ್ಣಕಲ್ಲನ್ನು ನಿಧಾನವಾಗಿ ತಿನ್ನುತ್ತದೆ. ಸಾವಿರಾರು ವರ್ಷಗಳಲ್ಲಿ ಬಿರುಕು ಸುರಂಗವಾಗಿ, ಮೇಲೆ ಬಿದ್ದ ನೀರೆಲ್ಲ ಕೆಳಗೆ ಇಳಿದುಹೋಗುತ್ತದೆ. ವೆಂಟೂ ಬೆಟ್ಟ ಮತ್ತು ಅದರ ಪಕ್ಕದ ಪ್ರಸ್ಥಭೂಮಿಯ ಮೇಲೆ ಸುರಿದ ಮಳೆ ಹೀಗೆ ನೆಲದೊಳಗೆ ಮಾಯವಾಗಿ, ಎಷ್ಟೋ ದೂರದ ವೋಕ್ಲೂಸ್ ಕಣಿವೆಯಲ್ಲಿ ಒಂದು ಬಂಡೆಯ ಬುಡದಿಂದ ಹೊಳೆಯಾಗಿಯೇ ಹೊರಬರುತ್ತದೆ. ಆ ಚಿಲುಮೆಯ ಬಾಯೊಳಗೆ 1985ರಲ್ಲಿ ಯಂತ್ರವೊಂದನ್ನು ಇಳಿಸಿ ನೋಡಿದಾಗ 308 ಮೀಟರ್ ಆಳದಲ್ಲಿ ತಳ ಸಿಕ್ಕಿತು. ಮೇಲೆ ಊರಿನವರು ಚಾವಣಿಯ ನೀರನ್ನು ತೊಟ್ಟಿಯಲ್ಲಿ ಹಿಡಿದು ಕುಡಿಯುತ್ತಿದ್ದರೆ, ಕೆಳಗೆ ನದಿ!

ಇದೇ ವೋಕ್ಲೂಸ್ ಚಿಲುಮೆಯ ಬಳಿ ಇಟಲಿಯ ಕವಿ ಪೆಟ್ರಾರ್ಕ್ ಎರಡು ತೋಟ ಮಾಡಿಕೊಂಡಿದ್ದ. ಅವನೂ ಹೋದ ಜಾಗಕ್ಕೆ ಮತ್ತೆ ಮತ್ತೆ ಹೋಗುವ ಜಾತಿಯವನೇ. 1337ರಿಂದ 1353ರವರೆಗೆ ನಡುನಡುವೆ ಬಿಟ್ಟುಹೋಗುತ್ತ, ತಿರುಗಿ ಬರುತ್ತ ಇದ್ದ. ಅದಕ್ಕೆ ಮೊದಲೇ, 1336ರ ಏಪ್ರಿಲ್ 26ರಂದು, ಅವನು ವೆಂಟೂ ಹತ್ತಿದ್ದನ್ನು ಒಂದು ಪತ್ರದಲ್ಲಿ ಬರೆದಿಟ್ಟಿದ್ದಾನೆ. ಅದರಲ್ಲಿ ತಮಾಷೆಯ ಸಂಗತಿಯೆಂದರೆ ಗೆಳೆಯನನ್ನು ಆರಿಸಲು ಅವನು ಪಟ್ಟ ಪಾಡು. ಒಬ್ಬ ತೀರ ನಿಧಾನ, ಇನ್ನೊಬ್ಬ ತೀರ ಅವಸರ. ಒಬ್ಬ ಜೋಲುಮೋರೆಯವನು, ಇನ್ನೊಬ್ಬ ಅತಿ ಉಲ್ಲಾಸದವನು. ಮನೆಯಲ್ಲಿ ಸಹಿಸಬಹುದಾದ ಗುಣಗಳು ದಾರಿಯಲ್ಲಿ ಸಹಿಸಲಾಗದವಾಗುತ್ತವೆ ಎಂಬುದು ಅವನ ಚಿಂತೆ. ಕೊನೆಗೆ ಗೆಳೆಯರನ್ನೆಲ್ಲ ಬಿಟ್ಟು ತಮ್ಮನನ್ನೇ ಕರೆದುಕೊಂಡು ಹೋದ.

ಅವಿನ್ಯೋನಿನ ಮೇಷ್ಟ್ರಿಗೆ ಆ ಚಿಂತೆ ಇದ್ದಂತಿಲ್ಲ. ಬಂದವರನ್ನೆಲ್ಲ ಕರೆದುಕೊಂಡು ಹೊರಟರು. ಹೆಸರು ಝಾನ್ ಆನ್ರಿ ಫಾಬ್ರೆ. ಹುಟ್ಟಿದ್ದು 1823ರಲ್ಲಿ, ಸೇಂಟ್ ಲೆಯೋನ್ ಎಂಬ ಹಳ್ಳಿಯ ಬಡ ಮನೆಯಲ್ಲಿ. ಮುಂದೆ ಕೀಟಗಳ ಬದುಕಿನ ಬಗ್ಗೆ ಹತ್ತು ಸಂಪುಟ ಬರೆದು ಲೋಕಪ್ರಸಿದ್ಧರಾದವರು. ಅವರ ಜೊತೆಗಿದ್ದ ಇನ್ನಿಬ್ಬರು ಗಿಡದ ಹುಚ್ಚಿನವರೆಂದರೆ ಪ್ಯಾರಿಸ್ಸಿನ ಸಸ್ಯೋದ್ಯಾನದ ವೆರ್ಲೋ ಮತ್ತು ಸಸ್ಯಪ್ರಿಯ ದೆಲಾಕೂರ್.

ವೆಂಟೂ ಬೆಟ್ಟದ ಎತ್ತರ ಸುಮಾರು 1,910 ಮೀಟರ್. ಅಕ್ಕಪಕ್ಕದಲ್ಲಿ ಅಷ್ಟೆತ್ತರದ ಇನ್ನೊಂದು ಬೆಟ್ಟವಿಲ್ಲ, ಒಂಟಿ. ಬುಡದಲ್ಲಿ ಆಲಿವ್ ಮರ, ಥೈಮ್ ಪೊದೆ. ಇವು ಮೆಡಿಟರೇನಿಯನ್ ಕಡಲ ಸೀಮೆಯ ಬಿಸಿಲುಪ್ರಿಯ ಗಿಡಗಳು. ಸ್ವಲ್ಪ ಮೇಲೆ ಓಕ್, ಅದರ ಮೇಲೆ ಬೀಚ್ ಮರಗಳು, ಇನ್ನೂ ಮೇಲೆ ಪೈನ್. ಕೊನೆಗೆ ಮರಗಳೇ ಇಲ್ಲ. ದೂರಕ್ಕೆ ಹಿಮದಂತೆ ಬೆಳ್ಳಗೆ ಕಾಣುವ ಸುಣ್ಣಕಲ್ಲಿನ ಚೂರುಗಳ ರಾಶಿ. ಆ ಚೂರುಗಳ ನಡುವೆ ಹುಡುಕಿದರೆ ಉತ್ತರ ಧ್ರುವದ ಹತ್ತಿರದ ಸ್ಪಿಟ್ಸ್‌ಬರ್ಗನ್ ದ್ವೀಪದಲ್ಲಿ ಬೆಳೆಯುವ ಪುಟ್ಟ ಗಿಡವೂ ಸಿಗುತ್ತದೆ. ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂದು ಪಾಠದಲ್ಲಿ ಓದುತ್ತೀರಲ್ಲ, ಆ ಒಂದು ಸಾಲು ಅಲ್ಲಿ ಗಿಡಗಳಲ್ಲಿ ಬರೆದಿದೆ. ಬೆಳಿಗ್ಗೆ ಆಲಿವ್ ನೆರಳಿನಲ್ಲಿ ಹೊರಟವನು ಮಧ್ಯಾಹ್ನದೊಳಗೆ ಯುರೋಪಿನ ಉತ್ತರದ ತುದಿಯವರೆಗೆ ನಡೆದಂತೆ. ಮೇಷ್ಟ್ರು ತಾವು ಕಂಡದ್ದನ್ನು ವಿವರಿಸಿದ್ದೂ ಹೀಗೆಯೇ. ಇದನ್ನು ಒಂದು ಸಲ ಹತ್ತಿ ಕಲಿಯಲಾಗದು. ಮೇ ತಿಂಗಳಲ್ಲಿ ಹೂ ಬಿಟ್ಟ ಗಿಡ ಆಗಸ್ಟಿನಲ್ಲಿ ಒಣಗಿ ನಿಂತಿರುತ್ತದೆ. ಆಗಸ್ಟಿನದು ಮೇ ತಿಂಗಳಲ್ಲಿ ಹಿಮದ ಕೆಳಗಿರುತ್ತದೆ.

ಆ ದಿನ ನಡುದಾರಿಯ ಚಿಲುಮೆಯೊಂದರ ಬಳಿ ಭರ್ಜರಿ ಊಟವಾಯಿತು. ಅಲ್ಲಿಗೆ ನೋಟದ ಆಸೆಯ ಐವರಿಗೆ ಸಂತೋಷದ ಭಾಗ ಮುಗಿಯಿತೆನ್ನಬೇಕು. ತುದಿಯ ಹತ್ತಿರ ಬರುವಾಗ ದಕ್ಷಿಣದಿಂದ ಮೋಡ ಕವಿಯಿತು. ಮಂಜು, ಮೇಲಿಂದ ಮಳೆ. ನಾಲ್ಕು ಹೆಜ್ಜೆ ಆಚೆ ಏನಿದೆಯೆಂದು ಕಾಣದು. ದೆಲಾಕೂರ್ ಮತ್ತು ತ್ರಿಬೂಲೆ ಬೇರೆ ಕಡೆಗೆ ಹೋಗಿದ್ದವರು ಮಂಜಿನಲ್ಲಿ ತಪ್ಪಿಸಿಕೊಂಡರು. ಕೂಗಿದರೆ ಗಾಳಿಯ ಸದ್ದಿನಲ್ಲಿ ಕೇಳುವುದಿಲ್ಲ. ಅವರನ್ನು ಹುಡುಕುತ್ತ ಆ ಕಡೆ ಈ ಕಡೆ ತಿರುಗಿದ್ದರಲ್ಲಿ ದಿಕ್ಕೂ ತಪ್ಪಿತು. ವೆಂಟೂ ಬೆಟ್ಟದ ದಕ್ಷಿಣದ ಮಗ್ಗುಲು ಇಳಿಜಾರು, ಉತ್ತರದ್ದು ಕಡಿದಾದ ಪ್ರಪಾತ. ಕತ್ತಲಾಗುವುದರೊಳಗೆ ಇಳಿಯಬೇಕು, ಆದರೆ ಯಾವ ಕಡೆ?

ಮೇಷ್ಟ್ರು ಯೋಚಿಸಿದರು. ಮಳೆ ಬಂದದ್ದು ದಕ್ಷಿಣದಿಂದ. ಎಲ್ಲರೂ ತೊಯ್ದು ತೊಪ್ಪೆಯಾಗಿದ್ದರೂ ಮೊದಲು ಮಳೆಗೆ ಒಡ್ಡಿಕೊಂಡ ಪಕ್ಕ ಸ್ವಲ್ಪವಾದರೂ ಹೆಚ್ಚು ನೆನೆದಿರಬೇಕಲ್ಲವೇ? ಬಟ್ಟೆಯೊಳಗೆ ಕೈಯಿಟ್ಟು ನೋಡಿದರು. ಹೌದು, ಒಂದು ಪಕ್ಕ ಹೆಚ್ಚು ಒದ್ದೆ. ಖಾತ್ರಿ ಲೆಕ್ಕವೇನಲ್ಲ. ಆದರೂ ಬೇರೆ ಆಧಾರವಿರಲಿಲ್ಲ. ಒಬ್ಬರ ಕೈ ಒಬ್ಬರು ಹಿಡಿದು ಸರಪಳಿಯಾಗಿ ಇಳಿಯತೊಡಗಿದರು. ಪ್ರಪಾತ ಬರಲಿಲ್ಲ, ಕಾಲಿಗೆ ಜಾರುವ ಕಲ್ಲಿನ ಇಳಿಜಾರು ಸಿಕ್ಕಿತು. ದಿಕ್ಕು ಸರಿಯಾಗಿತ್ತು.

ಇನ್ನು ಕುರುಬರ ಕಲ್ಲಿನ ಗುಡಿಸಲು ಹುಡುಕಬೇಕು. ಆ ವೇಳೆಗೆ ಪೂರ್ತಿ ಕತ್ತಲು. ಇಲ್ಲಿ ಮೇಷ್ಟ್ರು ಮತ್ತು ವೆರ್ಲೋ ಮಾಡಿದ ಉಪಾಯವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ತುರಿಚೆ ಗಿಡ ಮುಟ್ಟಿದರೆ ಚರ್ಮ ಉರಿಯುತ್ತದೆ, ಎಲ್ಲರಿಗೂ ಗೊತ್ತು. ಅದು ಎಲ್ಲೆಂದರಲ್ಲಿ ಹುಲುಸಾಗಿ ಬೆಳೆಯುವುದಿಲ್ಲ. ಮನುಷ್ಯರೂ ದನಕುರಿಗಳೂ ಇದ್ದ ಕಡೆ, ಗಂಜಳ ಗೊಬ್ಬರ ಬಿದ್ದು ಸಾರಜನಕ ಹೆಚ್ಚಾದ ಮಣ್ಣಿನಲ್ಲಿ ಅದಕ್ಕೆ ಸುಗ್ಗಿ. ಚಕ್ಕೋತ ಸೊಪ್ಪಿನ ಬಂಧುವಾದ ಇನ್ನೊಂದು ಗಿಡದ್ದೂ ಅದೇ ಸ್ವಭಾವ. ಬೋಳು ಬೆಟ್ಟದಲ್ಲಿ ಅವು ಸಿಕ್ಕವೆಂದರೆ ಗುಡಿಸಲು ಹತ್ತಿರವೆಂದೇ ಅರ್ಥ. ಇಬ್ಬರೂ ಕತ್ತಲಲ್ಲಿ ಕೈಯಾಡಿಸುತ್ತ ನಡೆದರು. ಕೈ ಉರಿದರೆ ಸಂತೋಷ! ಉರಿ ಹೆಚ್ಚಾದ ಕಡೆ ಹೆಜ್ಜೆಯಿಟ್ಟು ಗುಡಿಸಲನ್ನು ತಲುಪಿದರು. ಅಲ್ಲಿ ದೆಲಾಕೂರ್ ಮತ್ತು ತ್ರಿಬೂಲೆ ಆಗಲೇ ಬಂದು ಸೇರಿದ್ದರು.

ಅದೇ ಪ್ರವಾಸದಲ್ಲಿ ತುದಿಯ ಹತ್ತಿರ ಒಂದು ಚಪ್ಪಟೆ ಕಲ್ಲನ್ನು ಎತ್ತಿದಾಗ, ಸಾಮಾನ್ಯವಾಗಿ ಒಂಟಿಯಾಗಿಯೇ ಬದುಕುವ ಒಂದು ಜಾತಿಯ ಕಣಜಗಳು ನೂರಾರು ಸಂಖ್ಯೆಯಲ್ಲಿ ಗುಂಪುಗೂಡಿದ್ದು ಕಂಡಿತು. ಅವು ಯಾಕೆ ಅಲ್ಲಿ ಸೇರಿದವು? ವಲಸೆ ಹೋಗುತ್ತಿದ್ದವೇನೋ ಎಂದು ಮೇಷ್ಟ್ರ ಊಹೆ. ಇಪ್ಪತ್ತೆರಡು ಸಲ ಹತ್ತಿದಾಗ ಕಾಣದ್ದು ಇಪ್ಪತ್ತಮೂರನೆಯ ಸಲ ಕಂಡಿತ್ತು. ಆ ಐವರು ಗೆಳೆಯರ ಸಂಗತಿ? ಅವರಲ್ಲಿ ಒಬ್ಬರೂ ಮುಂದೆ ಎಂದೂ ಮೇಷ್ಟ್ರ ಜೊತೆ ವೆಂಟೂ ಹತ್ತುವ ಮಾತೆತ್ತಲಿಲ್ಲ.

ಬೆಟ್ಟಕ್ಕೆ ಬೇಕಾದಾಗ ಹೋಗುತ್ತಿದ್ದ ಮನುಷ್ಯನ ಮನೆಯ ಸ್ಥಿತಿ ಮಾತ್ರ ಸುಖದ್ದಲ್ಲ. ಸಂಬಳ ಕಡಿಮೆ, ಮಕ್ಕಳು ಹೆಚ್ಚು. ಆಗ ಅವಿನ್ಯೋನ್ ಸುತ್ತಮುತ್ತ ಮಂಜಿಷ್ಠ ಕುಲದ ಗಿಡ ಬೆಳೆದು ಅದರ ಬೇರಿನಿಂದ ಕೆಂಪು ಬಣ್ಣ ತೆಗೆಯುತ್ತಿದ್ದರು. ಶುದ್ಧ ಬಣ್ಣ ತೆಗೆಯುವ ವಿಧಾನ ಕಂಡುಹಿಡಿದರೆ ಕಷ್ಟ ತೀರೀತೆಂದು ಮೇಷ್ಟ್ರು ಶಾಲೆ ಮುಗಿದ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದರು. ಯಶಸ್ಸೂ ಕೈಗೆಟುಕಿತು. ಅಷ್ಟರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್ಮನ್ ಅದೇ ಬಣ್ಣವನ್ನು ಕಲ್ಲಿದ್ದಲಿನ ಟಾರಿನಿಂದ ತಯಾರಿಸಿಬಿಟ್ಟರು. ಬೇರಿನ ಬಣ್ಣಕ್ಕೆ ಬೆಲೆಯೇ ಇಲ್ಲದಂತಾಯಿತು. ವಿಜ್ಞಾನದ ಮುನ್ನಡೆ ಎಂದು ಪುಸ್ತಕದಲ್ಲಿ ಒಂದೇ ವಾಕ್ಯದಲ್ಲಿ ಬರುವ ಇಂಥ ಸಂಗತಿಯ ಹಿಂದೆ ಎಷ್ಟು ಮನೆಗಳ ಒಲೆ ಆರಿರುತ್ತದೋ!

ಅದರ ಮೇಲೆ ಇನ್ನೊಂದು. ಮಂತ್ರಿ ದ್ಯುರ್ವಿ ಅವರ ಪ್ರೋತ್ಸಾಹದಿಂದ ನಡೆಯುತ್ತಿದ್ದ ಸಂಜೆಯ ಉಚಿತ ತರಗತಿಗಳಿಗೆ ಹೆಣ್ಣುಮಕ್ಕಳೂ ಬರುತ್ತಿದ್ದರು. ಅವರ ಮುಂದೆ ಮೇಷ್ಟ್ರು ಹೂವಿನ ಪರಾಗಸ್ಪರ್ಶದ ಪಾಠ ಮಾಡಿದರು. ಕೇಸರ, ಶಲಾಕೆ, ಅಂಡಾಶಯ: ಈಗ ಪ್ರತಿ ಶಾಲೆಯಲ್ಲೂ ಕರಿಹಲಗೆಯ ಮೇಲೆ ಬರೆಯುವ ಚಿತ್ರ. ಊರಿನ ಕೆಲವರಿಗೆ ಅದು ಸಹಿಸಲಾರದ ಅಪಚಾರವಾಗಿ ಕಂಡಿತು. 1870ರ ಹೊತ್ತಿಗೆ ಹುದ್ದೆಯೂ ಇಲ್ಲ, ಬಾಡಿಗೆ ಮನೆಯೂ ಇಲ್ಲ ಎಂಬ ಸ್ಥಿತಿ ಬಂತು.

ಕೈ ಹಿಡಿದದ್ದು ಗಿಡ ಹುಡುಕಲು ಬರುತ್ತಿದ್ದ ಒಬ್ಬ ಗೆಳೆಯ. ಇಂಗ್ಲೆಂಡಿನ ದೊಡ್ಡ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್! 1858ರಲ್ಲಿ ಅವಿನ್ಯೋನಿನಲ್ಲಿ ಹೆಂಡತಿ ತೀರಿಕೊಂಡ ಮೇಲೆ, ಆಕೆಯ ಸಮಾಧಿಯ ಸಮೀಪದಲ್ಲೇ ಮನೆ ಕೊಂಡು ಮಿಲ್ ಪದೇ ಪದೇ ಅಲ್ಲಿಗೆ ಬಂದು ಇರುತ್ತಿದ್ದ. ಮೇಷ್ಟ್ರ ಜೊತೆ ಬೆಟ್ಟಬಯಲು ಸುತ್ತಿ, ವೋಕ್ಲೂಸ್ ಸೀಮೆಯ ಗಿಡಗಳ ಬಗ್ಗೆ ಒಂದು ಗ್ರಂಥ ಮಾಡುವ ಆಲೋಚನೆಯಿತ್ತು. ಮಿಲ್ ಕೊಟ್ಟ 3,000 ಫ್ರಾಂಕ್ ಸಾಲದಿಂದ ಸಂಸಾರ ಓರಾಂಜ್ ಪಟ್ಟಣಕ್ಕೆ ಸಾಗಿತು. ಮಕ್ಕಳಿಗಾಗಿ ವಿಜ್ಞಾನದ ಪಠ್ಯಪುಸ್ತಕಗಳನ್ನು ಬರೆದೇ ಮೇಷ್ಟ್ರು ಆ ಸಾಲ ತೀರಿಸಿದರು. 1873ರ ಮೇ ತಿಂಗಳಲ್ಲಿ ಮಿಲ್ ತೀರಿಕೊಂಡ. ಅದಕ್ಕೆ ಕೆಲವೇ ದಿನ ಮೊದಲು ಕೂಡ ಇಬ್ಬರೂ ಗಿಡ ಹುಡುಕುತ್ತ ಮೈಲಿಗಟ್ಟಲೆ ನಡೆದಿದ್ದರು. ಗ್ರಂಥ ಆಗಲಿಲ್ಲ.

1877ರಲ್ಲಿ ಮೇಷ್ಟ್ರ ಮಗ ಝೂಲ್ ಹದಿಹರೆಯದಲ್ಲೇ ತೀರಿಕೊಂಡ. ಹೂವಿನಲ್ಲಿ, ಹುಳುವಿನಲ್ಲಿ ಅಪ್ಪನಷ್ಟೇ ಆಸೆಯಿದ್ದ ಹುಡುಗ; ಅಪ್ಪನ ಓಡಾಟದ ಜೊತೆಗಾರ. ಹೊಸದಾಗಿ ಕಂಡ ಕಣಜವೊಂದಕ್ಕೆ ತಂದೆ ಆ ಮಗನ ಹೆಸರಿಟ್ಟರು. ಅದಕ್ಕಿಂತ ಹೆಚ್ಚು ಅವರ ಕೈಯಲ್ಲಿ ಏನಿತ್ತು?

1879ರಲ್ಲಿ, ಐವತ್ತೈದನೆಯ ವಯಸ್ಸಿನಲ್ಲಿ, ಕೊನೆಗೂ ಒಂದು ಸ್ವಂತ ಮನೆ. ಸೆರಿನ್ಯಾನ್ ಹಳ್ಳಿಯ ಅಂಚಿನಲ್ಲಿ ಸುಮಾರು ಒಂದು ಹೆಕ್ಟೇರ್ ಜಾಗ. ಉಳಲು ಯೋಗ್ಯವಲ್ಲದ, ಕಲ್ಲು ತುಂಬಿದ ನೆಲಕ್ಕೆ ಆ ಕಡೆಯ ಭಾಷೆಯಲ್ಲಿ ಹಾರ್ಮಾಸ್ ಎನ್ನುತ್ತಾರೆ. ಮನೆಗೂ ಅದೇ ಹೆಸರಾಯಿತು. ಫ್ರಾನ್ಸಿನ ಪ್ರಸಿದ್ಧ ತೋಟಗಳಲ್ಲಿ ಗಿಡಗಳನ್ನು ಕತ್ತರಿಸಿ ಗೋಳ, ಶಂಕು, ಗೋಡೆ ಮಾಡಿ ನಿಲ್ಲಿಸಿರುತ್ತಾರೆ. ಹಾರ್ಮಾಸ್ ಅದಕ್ಕೆ ತೀರ ವಿರುದ್ಧ. ಬೇರೆಯವರು ಕಿತ್ತೆಸೆಯುವ ಮುಳ್ಳುಗಿಡಗಳಿಗೆ ಅಲ್ಲಿ ರಾಜೋಪಚಾರ, ಏಕೆಂದರೆ ಜೇನುನೊಣ, ಕಣಜಗಳಿಗೆ ಬೇಕಾದದ್ದು ಅವೇ. ನೋಡುವವರಿಗೆ ಕಳೆ ತುಂಬಿದ ಹಿತ್ತಲು. ಮೇಷ್ಟ್ರಿಗೆ ಅದು ಪ್ರಯೋಗಶಾಲೆ. ಕಾಲು ಸೋತ ಮೇಲೆ ಬೆಟ್ಟದ ಬದಲು ಈ ತೋಟ. ಅದೇ ಪೊದೆಯ ಮುಂದೆ, ಅದೇ ಕಲ್ಲಿನ ಮುಂದೆ ದಿನವೂ ಹೋಗಿ ಕೂರುವುದು. ಹೀಗೆ ಮೂವತ್ತಾರು ವರ್ಷ.

ಮಕ್ಕಳೇ ಅಲ್ಲಿ ಸಹಾಯಕರು. ಒಂದು ಮೇ ತಿಂಗಳ ಬೆಳಿಗ್ಗೆ ದೊಡ್ಡ ಜಾತಿಯ ಹೆಣ್ಣು ಪತಂಗವೊಂದು ಗೂಡಿನಿಂದ ಹೊರಬಂತು. ಮೇಷ್ಟ್ರು ಅದನ್ನು ತಂತಿಬಲೆಯ ಪಂಜರದಲ್ಲಿಟ್ಟರು. ರಾತ್ರಿ ಒಂಬತ್ತರ ಹೊತ್ತಿಗೆ ಪುಟ್ಟ ಮಗ ಪೋಲ್ ಅರೆಬಟ್ಟೆಯಲ್ಲಿ ಕುಣಿಯುತ್ತ, ಹಕ್ಕಿಯಷ್ಟು ದೊಡ್ಡ ಚಿಟ್ಟೆಗಳು ಕೋಣೆ ತುಂಬ ಬಂದಿವೆ ಎಂದು ಕೂಗಿಕೊಂಡ. ಎದ್ದು ಹೋಗಿ ನೋಡಿದರೆ ಮನೆಯೆಲ್ಲ ಗಂಡು ಪತಂಗಗಳು, ಸುಮಾರು 40. ಕತ್ತಲಲ್ಲಿ, ಮರಗಿಡ ದಾಟಿ, ಆ ಒಂದು ಹೆಣ್ಣನ್ನು ಹುಡುಕಿಕೊಂಡು ಬಂದಿದ್ದವು. ಹೇಗೆ ತಿಳಿಯಿತು? ಮೇಷ್ಟ್ರು ವರ್ಷಗಳ ಕಾಲ ಇದರ ಹಿಂದೆ ಬಿದ್ದರು. ಮನುಷ್ಯನ ಮೂಗಿಗೆ ಸಿಗದ ಯಾವುದೋ ವಾಸನೆಯ ಕಡೆಗೆ ಅವರ ಪ್ರಯೋಗಗಳು ಬೊಟ್ಟು ಮಾಡಿದವು. ಅಂಥ ರಾಸಾಯನಿಕಕ್ಕೆ ಫೆರೋಮೋನ್ ಎಂಬ ಹೆಸರು ಬಂದದ್ದು 1959ರಲ್ಲಿ. ರೇಷ್ಮೆ ಪತಂಗದ ಅಂಥ ವಸ್ತುವನ್ನು ಬುಟೆನಾಂಟ್ ಬೇರ್ಪಡಿಸಿದ್ದು ಪ್ರಕಟವಾದದ್ದೂ ಅದೇ ವರ್ಷ. ಆ ರಾತ್ರಿ ಮಗುವನ್ನು ಗದರಿ ಮಲಗಿಸಿದ್ದರೆ?

ಮೇಷ್ಟ್ರ ಲೆಕ್ಕ ತಪ್ಪಿದ್ದೂ ಉಂಟು. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಡಾರ್ವಿನ್ ಅವರ ವೀಕ್ಷಣೆಯನ್ನು ತುಂಬ ಮೆಚ್ಚಿದ್ದ. ಆದರೆ ವಿಕಾಸವಾದವನ್ನು ಮೇಷ್ಟ್ರು ಕೊನೆಯವರೆಗೂ ಒಪ್ಪಲಿಲ್ಲ. ಇನ್ನೊಂದು, ಜೀರುಂಡೆಯ ವಿಷಯ. ಮನೆಯ ಮುಂದಿನ ಎರಡು ಪ್ಲೇನ್ ಮರಗಳಲ್ಲಿ ಬೇಸಿಗೆಯಿಡೀ ಜೀರುಂಡೆಗಳ ಕಿವಿಗಡಚಿಕ್ಕುವ ಸದ್ದು. ಇವಕ್ಕೆ ತಮ್ಮ ಹಾಡು ತಮಗೇ ಕೇಳುತ್ತದೆಯೇ ಎಂಬ ಸಂಶಯ ಬಂತು. ಊರ ಹಬ್ಬದಲ್ಲಿ ಹಾರಿಸುವ ಕದನಿಗಳನ್ನು ಪಂಚಾಯಿತಿಯಿಂದ ಎರವಲು ತಂದರು. ಗಾಜು ಒಡೆಯದಿರಲೆಂದು ಕಿಟಕಿಗಳನ್ನೆಲ್ಲ ತೆರೆದಿಟ್ಟರು. ಆರು ಜನ ಕಿವಿಗೊಟ್ಟು ಕೂತರು. ಮರದ ಕೆಳಗೆ ಮದ್ದು ತುಂಬಿ ಬೆಂಕಿ ಕೊಟ್ಟರು. ಸಿಡಿಲಿನಂಥ ಸದ್ದು! ಮೇಲೆ ಜೀರುಂಡೆಗಳು ಒಂದು ಕ್ಷಣವೂ ನಿಲ್ಲದೆ ಹಾಡುತ್ತಲೇ ಇದ್ದವು. ಎರಡನೆಯ ಸಲವೂ ಅಷ್ಟೇ. ಜೀರುಂಡೆ ಕಿವುಡು ಎಂದೇ ಮೇಷ್ಟ್ರಿಗೆ ತೋರಿತು.

ಜೀರುಂಡೆ ಕಿವುಡಲ್ಲ. ಅದರ ಹೊಟ್ಟೆಯ ಬುಡದಲ್ಲಿ ಕೇಳಿಸಿಕೊಳ್ಳುವ ಪೊರೆಗಳಿವೆಯೆಂದೂ, ತನ್ನ ಜಾತಿಯ ಹಾಡಿನ ಕಂಪನಾಂಕಕ್ಕೆ ಅವು ಚೆನ್ನಾಗಿ ಸ್ಪಂದಿಸುತ್ತವೆಂದೂ ಮುಂದೆ ತಿಳಿಯಿತು. ಪ್ರಯೋಗ ಸರಿಯಾಗಿಯೇ ನಡೆದಿತ್ತು. ಆದರೆ ಪ್ರಶ್ನೆಯನ್ನು ಕೇಳಿದ್ದು ಮನುಷ್ಯನ ಕಿವಿಗೆ ಹೊಂದುವ ಭಾಷೆಯಲ್ಲಿ.

ಫಾಬ್ರೆ 1915ರ ಅಕ್ಟೋಬರಿನಲ್ಲಿ ತೊಂಬತ್ತೊಂದನೆಯ ವಯಸ್ಸಿನಲ್ಲಿ ಅದೇ ಮನೆಯಲ್ಲಿ ತೀರಿಕೊಂಡರು. 1922ರಲ್ಲಿ ಮನೆ, ತೋಟ ಎರಡನ್ನೂ ಫ್ರಾನ್ಸಿನ ರಾಷ್ಟ್ರೀಯ ಪ್ರಕೃತಿ ಇತಿಹಾಸ ಸಂಗ್ರಹಾಲಯಕ್ಕಾಗಿ ಕೊಳ್ಳಲಾಯಿತು. ಬೆಡ್ವಾನಿನಿಂದ ವೆಂಟೂ ತುದಿಯವರೆಗೆ ಈಗ ಡಾಂಬರು ರಸ್ತೆಯಿದೆ, ಸುಮಾರು 21 ಕಿಲೋಮೀಟರ್. ಸೈಕಲ್ ಪಂದ್ಯಗಳಿಂದ ಲೋಕಕ್ಕೆಲ್ಲ ಪರಿಚಿತವಾದ ದಾರಿ. ಮೇಷ್ಟ್ರ ಕಾಲದಲ್ಲಿ ಮರ ಕಡಿದು ಬೋಳಾಗಿದ್ದ ಮಗ್ಗುಲುಗಳಲ್ಲಿ ಆಗಲೇ ನೆಡಲು ಶುರುಮಾಡಿದ್ದ ಓಕ್, ದೇವದಾರು ಜಾತಿಯ ಸೀಡರ್ ಮರಗಳು ಕಾಡಾಗಿವೆ. ನಾಲ್ಕು ಗುಡ್ಡದ ಊರು ನೋಡಿ ಸಮಯ ಉಳಿದವರು ಕೆಲವರು ಸೆರಿನ್ಯಾನಿಗೂ ಬರುತ್ತಾರೆ. ಜುಲೈಯಲ್ಲಿ ಬಂದರೆ ಜೀರುಂಡೆಗಳ ಗದ್ದಲದಲ್ಲಿ ಪಕ್ಕದವರ ಮಾತು ಕೇಳುವುದು ಕಷ್ಟ.